ಹಸಿರು ಹಾಳೆಯ ಕೊನೆಯ ಸಾಲು

ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಶೆಡ್ಡಿನಲ್ಲಿ ಹನ್ನೊಂದು ಜನ ಕೆಲಸ ಮಾಡುತ್ತೇವೆ. ಪಂಪು, ವಾಲ್ವುಗಳ ಸ್ಟೇನ್‌ಲೆಸ್ ಸ್ಟೀಲ್ ಬಿಡಿಭಾಗಗಳನ್ನು ಅಳತೆಗೆ ಕೊರೆದು, ಬರ್ ತೆಗೆದು, ಪ್ಯಾಕ್ ಮಾಡಿ ಜರ್ಮನಿಗೆ ಕಳಿಸುವುದು ನಮ್ಮ ಕೆಲಸ. ನಾನು ಲೆಕ್ಕ ಬರೆಯುವವಳು. ಸಣ್ಣ ಶೆಡ್ಡು ಅಂದಮೇಲೆ ಲೆಕ್ಕದವಳಿಗೆ ಲೆಕ್ಕವೊಂದೇ ಇರುವುದಿಲ್ಲ. ಜಿಎಸ್‌ಟಿ, ಪಿಎಫ್, ಶಿಪ್ಪಿಂಗ್ ಬಿಲ್ಲು, ಬ್ಯಾಂಕು, ಟೀಗೆ ತರಿಸುವ ಹಾಲಿನ ಬಿಲ್ಲು, ಎಲ್ಲವೂ ನನ್ನ ಮೇಜಿಗೇ ಬರುತ್ತವೆ. ಹಾಗೆ ಬಂದ ಕಾಗದಗಳಲ್ಲಿ ಒಂದು, 2022ರ ಅಕ್ಟೋಬರಿನಲ್ಲಿ ಬಂದ ಕಸ್ಟಮ್ಸ್ ಪತ್ರ, ವರ್ಷಕ್ಕೂ ಹೆಚ್ಚು ಕಾಲ ನನ್ನ ನಿದ್ದೆ ಕೆಡಿಸಿತು.

ಪತ್ರದ ಮೂಲ ನಮ್ಮ ಶೆಡ್ಡಿನ ನಡುವೆಯೇ ನಿಂತಿದೆ. 2015ರಲ್ಲಿ ಜಪಾನಿನಿಂದ ತರಿಸಿದ ವಿಎಂಸಿ, ಅಂದರೆ ಕಂಪ್ಯೂಟರ್ ಹೇಳಿದ ಅಳತೆಗೆ ಲೋಹ ಕೊರೆಯುವ ಯಂತ್ರ. ಹಡಗಿನಲ್ಲಿ ಚೆನ್ನೈಗೆ, ಅಲ್ಲಿಂದ ವೈಟ್‌ಫೀಲ್ಡಿನ ಕಂಟೇನರ್ ಡಿಪೋಗೆ, ಅಲ್ಲಿಂದ ಟ್ರೇಲರಿನಲ್ಲಿ ಪೀಣ್ಯಕ್ಕೆ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲವೆಂದು ಸಾರ್ ಮುಂದಿನ ಗೋಡೆಯನ್ನೇ ಅರ್ಧ ಒಡೆಸಿ ಒಳಗೆ ಇಳಿಸಿದರು. ಸಾರ್ ಅಂದರೆ ನಮ್ಮ ಯಜಮಾನರು. ಇಪ್ಪತ್ತು ವರ್ಷ ಬೇರೆಯವರ ಕಾರ್ಖಾನೆಯಲ್ಲಿ ಸೆಟ್ಟರ್ ಆಗಿ ದುಡಿದು, ಮನೆ ಅಡವಿಟ್ಟು ಈ ಶೆಡ್ಡು ಹಾಕಿದವರು.

ಆ ಯಂತ್ರ ಬಂದದ್ದು ಇಪಿಸಿಜಿ ಯೋಜನೆಯಲ್ಲಿ. ರಫ್ತು ಮಾಡುವವರು ಈ ಪರವಾನಗಿ ತೆಗೆದುಕೊಂಡರೆ ಯಂತ್ರಕ್ಕೆ ಆಮದು ಸುಂಕ ಕಟ್ಟಬೇಕಿಲ್ಲ. ಹಾಗೆ ಉಳಿದ ಸುಂಕದ ಆರು ಪಟ್ಟು ಬೆಲೆಯ ಸರಕನ್ನು ಆರು ವರ್ಷದೊಳಗೆ ಹೊರದೇಶಕ್ಕೆ ಕಳಿಸಿ ತೋರಿಸಬೇಕು. ನಮಗೆ ಉಳಿದದ್ದು ₹12,40,000. ಆರು ಪಟ್ಟು ಅಂದರೆ ₹74,40,000. 2020ರ ಮಾರ್ಚಿಗೆಲ್ಲ ನಾವು ₹81 ಲಕ್ಷ ದಾಟಿದ್ದೆವು. ಮಾತು ಉಳಿಸಿಕೊಂಡಿದ್ದೆವು. ಆದರೆ ಉಳಿಸಿಕೊಂಡೆವು ಎಂದು ನಾವು ಹೇಳಿದರೆ ಸಾಲದು. ಪರವಾನಗಿ ಕೊಟ್ಟ ಕಚೇರಿಯೇ ಇಒಡಿಸಿ ಎಂಬ ಪತ್ರ ಕೊಡಬೇಕು. ರಫ್ತಿನ ಬಾಧ್ಯತೆ ತೀರಿತು ಅನ್ನುವ ಪತ್ರ ಅದು. ಬೆಳೆಸಾಲ ತೀರಿಸಿದ ಮೇಲೆ ಸೊಸೈಟಿಯಿಂದ ಬಾಕಿ ಇಲ್ಲ ಎಂದು ಬರೆಸಿಕೊಂಡು ಬರುವ ಹಾಗೆ. ಆ ಕಾಗದ ಕಸ್ಟಮ್ಸ್ ಕೈಸೇರುವವರೆಗೆ ಅಲ್ಲಿ ಬರೆದುಕೊಟ್ಟ ಬಾಂಡು ಹಾಗೇ ಇರುತ್ತದೆ. ಬ್ಯಾಂಕ್ ಗ್ಯಾರಂಟಿಯೂ ಬಿಡುಗಡೆಯಾಗುವುದಿಲ್ಲ. ಯಂತ್ರವನ್ನು ಮಾರುವ ಹಾಗೂ ಇಲ್ಲ. ನಮ್ಮ ಗ್ಯಾರಂಟಿ ₹1,86,000ದ್ದು. ಅದಕ್ಕೆ ಅಷ್ಟೇ ಮೊತ್ತದ ಎಫ್‌ಡಿ ಒತ್ತೆ, ಪ್ರತಿವರ್ಷ ನವೀಕರಣ, ಪ್ರತಿವರ್ಷ ಕಮಿಷನ್.

ಇಒಡಿಸಿಗೆ ಅರ್ಜಿ ಹಾಕಿದ್ದು 2021ರ ಜುಲೈಯಲ್ಲಿ. ಹಾಕಿದವರು ನಮ್ಮ ಕನ್ಸಲ್ಟೆಂಟು. ಪೀಣ್ಯದ ಸಣ್ಣ ರಫ್ತುದಾರರಲ್ಲಿ ಬಹಳ ಜನ ಈ ಕೆಲಸವನ್ನು ಸ್ವತಃ ಮಾಡುವುದಿಲ್ಲ. ಫೀಸು ಕೊಟ್ಟು ಒಬ್ಬರಿಗೆ ವಹಿಸುತ್ತೇವೆ, ಅವರೇ ಲಾಗಿನ್ ಮಾಡುತ್ತಾರೆ, ಅವರೇ ಕಚೇರಿಗೆ ಹೋಗಿಬರುತ್ತಾರೆ. ತಿಂಗಳಿಗೊಮ್ಮೆ ಫೋನ್ ಮಾಡಿದರೆ, "ಪ್ರೊಸೆಸ್‌ನಲ್ಲಿದೆ ಮೇಡಂ, ಬರುತ್ತೆ" ಅನ್ನುತ್ತಿದ್ದರು. ಹದಿನೈದು ತಿಂಗಳು ಇದೇ ಮಾತು. ಆಮೇಲೆ ಬಂದದ್ದು ಕಸ್ಟಮ್ಸ್ ಪತ್ರ. ರಫ್ತು ಬಾಧ್ಯತೆ ತೀರಿಸಿದ್ದಕ್ಕೆ ಪುರಾವೆ ಕೊಡಿ, ಇಲ್ಲವಾದರೆ ಉಳಿಸಿಕೊಂಡ ಸುಂಕವನ್ನು ಶೇಕಡಾ 15ರ ಬಡ್ಡಿ ಸಮೇತ ಕಟ್ಟಿ ಎಂದಿತ್ತು. ಅವರ ಕಡೆಯಿಂದ ಅದು ನ್ಯಾಯವಾದ ಪತ್ರವೇ. ನಾನು ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಏಳು ವರ್ಷಕ್ಕೆ ಬಡ್ಡಿಯೇ ₹13 ಲಕ್ಷ, ಅಸಲನ್ನು ಮೀರುತ್ತಿತ್ತು. ಎರಡೂ ಸೇರಿದರೆ ಶೆಡ್ಡು ಮುಚ್ಚಬೇಕು. ಆ ಚೀಟಿಯನ್ನು ಸಾರ್‌ಗೆ ತೋರಿಸದೆ ಹರಿದುಹಾಕಿದೆ.

ಮರುದಿನವೇ ನಾನೂ ಸಾರೂ ಪರವಾನಗಿ ಕಚೇರಿಗೆ ಹೋದೆವು. ಪೀಣ್ಯದಿಂದ ಊರಿನ ಇನ್ನೊಂದು ತುದಿ, ಎರಡು ಬಸ್ಸು. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ "ಅಂಡರ್ ಪ್ರೊಸೆಸ್" ಎಂದರು. ಯಾರ ಹತ್ತಿರ ಇದೆ ಎಂದು ಕೇಳಿದರೆ, ಅದನ್ನು ಹೇಳಲು ಬರುವುದಿಲ್ಲ, ನಿಮ್ಮ ಏಜೆಂಟರನ್ನು ಕೇಳಿ ಎಂದರು. ಕೇಂದ್ರದ ಕುಂದುಕೊರತೆ ಪೋರ್ಟಲಿನಲ್ಲೂ ದೂರು ಹಾಕಿದೆ. "ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲಿನ ಉತ್ತರದೊಂದಿಗೆ ಅದು ಮುಗಿಯಿತು. ನಮ್ಮ ರಾಜ್ಯದ ಕೆಲಸವಾಗಿದ್ದರೆ ಸಕಾಲ ಅನ್ನಬಹುದಿತ್ತು. ಇದು ಕೇಂದ್ರದ ಕಚೇರಿ, ಸಕಾಲ ಇಲ್ಲಿಗೆ ಬರುವುದಿಲ್ಲ.

ಆಗ ಆರ್‌ಟಿಐ ಹಾಕೋಣ ಅಂದವಳು ನಾನೇ. ಮೊದಲ ಅರ್ಜಿ ಹೇಗೆ ಬರೆದೆ ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ ಸಿಟ್ಟಿನಲ್ಲಿರುವ ಯಾರಾದರೂ ಹಾಗೆಯೇ ಬರೆಯುತ್ತಾರೆ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ, ಕೆಳಗೆ ಪ್ರೊಪ್ರೈಟರ್ ಸೀಲು ಒತ್ತಿ, ಕೇಳಿದ್ದು ಇಷ್ಟು: ನಮ್ಮ ಅರ್ಜಿ ಯಾಕೆ ತಡವಾಗಿದೆ? ಇದಕ್ಕೆ ಹೊಣೆ ಯಾರು? ಅವರ ಮೇಲೆ ಏನು ಕ್ರಮ ತೆಗೆದುಕೊಳ್ಳುತ್ತೀರಿ? ಯಾವಾಗ ಕೊಡುತ್ತೀರಿ? ಇಪ್ಪತ್ತೇಳನೇ ದಿನ ಉತ್ತರ ಬಂತು. ಕೇಳಿರುವುದು ಪ್ರಶ್ನೆಗಳ ರೂಪದಲ್ಲಿದೆ, ಕಾಯ್ದೆ ಹೇಳುವ 'ಮಾಹಿತಿ'ಯ ಅರ್ಥದೊಳಗೆ ಬರುವುದಿಲ್ಲ. ಜೊತೆಗೆ ಮಾಹಿತಿ ಕೇಳುವ ಹಕ್ಕು ನಾಗರಿಕರದು, ಸಂಸ್ಥೆಯದಲ್ಲ. ಓದಿ ಕಣ್ಣಲ್ಲಿ ನೀರು ಬಂತು. ಅನ್ಯಾಯ ಅನ್ನಿಸಿತು. ಆಮೇಲೆ ಕಾಯ್ದೆಯನ್ನು ಬಿಡಿಸಿ ಓದಿದಾಗ ಆ ಉತ್ತರ ಬಿಗಿಯಾಗಿತ್ತೇ ಹೊರತು ಆಧಾರವಿಲ್ಲದ್ದಾಗಿರಲಿಲ್ಲ ಎಂದು ಗೊತ್ತಾಯಿತು. 2005ರ ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲಿ 'ಎಲ್ಲ ನಾಗರಿಕರು' ಎಂದೇ ಇದೆ. ಉತ್ತರಪತ್ರಿಕೆ ನೋಡಬೇಕೆಂದು ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ: ದಾಖಲೆಯಲ್ಲಿ ಇರುವುದನ್ನು ಕೊಡಬೇಕು, ಇಲ್ಲದ್ದನ್ನು ಹೊಸದಾಗಿ ಬರೆದು ಕೊಡಬೇಕಿಲ್ಲ. 'ಯಾಕೆ' ಎಂಬುದಕ್ಕೆ ಉತ್ತರ ಯಾವ ಹಾಳೆಯಲ್ಲೂ ಬರೆದಿರದಿದ್ದರೆ ಅವರು ಅದನ್ನು ನಮಗಾಗಿ ಕೂತು ಬರೆಯಬೇಕಿಲ್ಲ.

ದಾರಿ ತೋರಿಸಿದವರು ನಮ್ಮ ಚಿಕ್ಕಪ್ಪ. ತುರುವೇಕೆರೆ ಕಡೆಯ ಹಳ್ಳಿಯಲ್ಲಿದ್ದಾರೆ. ಪಹಣಿಯಲ್ಲಿ ತಪ್ಪಿದ ಹೆಸರನ್ನು ತಿದ್ದಿಸಲು ತಾಲ್ಲೂಕು ಕಚೇರಿಗೆ ಐದಾರು ಆರ್‌ಟಿಐ ಹಾಕಿ ಪಳಗಿದವರು. ಫೋನಿನಲ್ಲಿ ನನ್ನ ಅರ್ಜಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನೀನು ಜಗಳ ಬರ್ದಿದೀಯ ಕಣಮ್ಮ. ಜಗಳಕ್ಕೆ ಯಾರು ಉತ್ತರ ಕೊಡ್ತಾರೆ? ಫೈಲು ಕೇಳು. ಎಲ್ಲಿದೆ, ಯಾವತ್ತು ಬಂತು, ಯಾರು ಏನು ಬರೆದವ್ರೆ, ಅಷ್ಟು ಕೇಳು ಸಾಕು."

"ಕೊಡ್ತಾರಾ ಚಿಕ್ಕಪ್ಪ?"

"ನಿಮ್ಮದೇ ಫೈಲು, ನಿಮಗಲ್ದೆ ಇನ್ಯಾರಿಗೆ ಕೊಡ್ತಾರೆ? ಮತ್ತೆ ಕನ್ನಡದಲ್ಲಿ ಬರಿ. ನಿಂಗೆ ಏನು ಬೇಕು ಅಂತ ಆಗ ಸರಿಯಾಗಿ ಬರುತ್ತೆ."

ಕೇಂದ್ರದ ಕಚೇರಿಗೆ ಕನ್ನಡದಲ್ಲಿ ಬರೆಯಬಹುದೇ ಎಂಬ ಅನುಮಾನ ನನಗಿತ್ತು. ಆರನೇ ಸೆಕ್ಷನ್ ತೆಗೆದು ನೋಡಿದೆ. ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆ ಎಂದು ಸ್ಪಷ್ಟವಾಗಿದೆ. ಬೆಂಗಳೂರಿನಲ್ಲಿ ಹಾಕುವ ಅರ್ಜಿಗೆ ಅದು ಕನ್ನಡ. ಇದನ್ನು ಓದಿದಾಗ ಆದ ಸಮಾಧಾನ ಸಣ್ಣದಲ್ಲ. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದಾಗ ನನ್ನ ಮಾತು ಬೇರೆ ಯಾರದೋ ಮಾತಾಗಿತ್ತು. ಕನ್ನಡದಲ್ಲಿ ಬರೆಯಲು ಕೂತಾಗ ನಿಜವಾಗಿ ಏನು ಗೊತ್ತಾಗಬೇಕು ಎಂಬುದು ಒಂದೊಂದಾಗಿ ಹೊರಬಂತು.

2023ರ ಜನವರಿಯಲ್ಲಿ ಬರೆದ ಆ ಎರಡನೇ ಅರ್ಜಿ ಒಂದೇ ಪುಟದ್ದು. ಲೆಟರ್‌ಹೆಡ್ ಇಲ್ಲ, ಸೀಲು ಇಲ್ಲ. ಬಿಳಿ ಹಾಳೆಯಲ್ಲಿ ಸಾರ್ ತಮ್ಮ ಸ್ವಂತ ಹೆಸರು, ಮನೆ ವಿಳಾಸ ಕೊಟ್ಟು, ಭಾರತದ ನಾಗರಿಕ ಎಂದು ಬರೆದು ಸಹಿ ಮಾಡಿದರು. ಫೈಲು ಅವರದ್ದಾದ್ದರಿಂದ ಅವರ ಹೆಸರಿನಲ್ಲೇ ಹೋಗುವುದು ಒಳ್ಳೆಯದು. ನಾನು ಕೇಳಿದ್ದರೆ ಮೂರನೆಯವರ ವ್ಯವಹಾರದ ಗುಟ್ಟು ಎಂದು ತಳ್ಳಿಹಾಕಲು ಎಂಟನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಕೇಳಿದ್ದು ಹೀಗಿತ್ತು: "ನನ್ನ ಮೇಲ್ಕಂಡ ಸಂಖ್ಯೆಯ ಪರವಾನಗಿಯ ರಫ್ತು ಬಾಧ್ಯತೆ ಮುಕ್ತಾಯಕ್ಕೆ ಸಲ್ಲಿಸಿದ ಅರ್ಜಿಯ ಕಡತದಲ್ಲಿರುವ ಎಲ್ಲ ಟಿಪ್ಪಣಿ ಹಾಳೆಗಳ ನಕಲು. ಅರ್ಜಿ ತಲುಪಿದ ದಿನದಿಂದ ಇಂದಿನವರೆಗೆ ಕಡತ ಯಾವ ಹುದ್ದೆಯ ಅಧಿಕಾರಿಯ ಬಳಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇತ್ತು ಎಂಬ ದಾಖಲೆಯ ನಕಲು. ಈ ಅರ್ಜಿಯ ಬಗ್ಗೆ ನನಗೆ ಕಳಿಸಿದ ಪತ್ರ ಅಥವಾ ಇಮೇಲ್ ಇದ್ದರೆ, ಕಳಿಸಿದ ವಿಳಾಸ ಕಾಣುವಂತೆ ಅವುಗಳ ನಕಲು. ಇಂಥ ಅರ್ಜಿಗಳ ವಿಲೇವಾರಿಗೆ ಕಾಲಮಿತಿ ಹೇಳುವ ಆದೇಶದ ನಕಲು. ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ಮತ್ತು ಸಮಯ."

ಇದರಲ್ಲಿ ಒಂದೂ 'ಯಾಕೆ' ಇಲ್ಲ. ಟಿಪ್ಪಣಿ ಹಾಳೆಯನ್ನು ಕೇಳಬಹುದೇ ಎಂಬುದಕ್ಕೆ ಹಿಂದೆ ದೊಡ್ಡ ಜಗ್ಗಾಟವೇ ನಡೆದಿತ್ತು. ಅದೂ ಮಾಹಿತಿಯೇ ಎಂದು ಕೇಂದ್ರ ಮಾಹಿತಿ ಆಯೋಗ 2006ರಲ್ಲೇ ಹೇಳಿದೆ. ರಾಜ್ಯದ ಕಚೇರಿಗಳಿಗೆ ಅರ್ಜಿ ಹಾಕುವಾಗ 150 ಪದಗಳ ಮಿತಿ, ಒಂದೇ ವಿಷಯ ಎಂಬ ಕಟ್ಟು ಇದೆ. ಕೇಂದ್ರದ ನಿಯಮದಲ್ಲಿ 500 ಪದದವರೆಗೆ ಬರೆಯಬಹುದು. ನಮಗೆ ಅಷ್ಟು ಬೇಕಾಗಲಿಲ್ಲ.

ಫೀಸು ₹10. ಆನ್‌ಲೈನಿನಲ್ಲೇ ಹಾಕಬಹುದಿತ್ತು, ಆದರೆ ಕಾಗದ ಹೋಗಿ ಅಕ್ನಾಲೆಡ್ಜ್‌ಮೆಂಟ್ ಬಂದರೇನೇ ಸಾರ್‌ಗೆ ನಂಬಿಕೆ. ಪೋಸ್ಟಲ್ ಆರ್ಡರ್ ನಮ್ಮ ಹತ್ತಿರದ ಅಂಚೆ ಕಚೇರಿಯಲ್ಲಿ ಖಾಲಿಯಾಗಿತ್ತು. ಮೆಟ್ರೋ ಹಿಡಿದು ವಿಧಾನಸೌಧದ ಹತ್ತಿರದ ಜಿಪಿಒಗೆ ಹೋಗಿ ತಂದೆ. ಇನ್ನು ಮುಂದೆ ಬೇಕಾಗಬಹುದೆಂದು ನಾಲ್ಕು ಒಟ್ಟಿಗೆ ತೆಗೆದುಕೊಂಡೆ. ಅದರ ಮೇಲೆ 'ಅಕೌಂಟ್ಸ್ ಆಫೀಸರ್' ಎಂದು ಬರೆದು ಸ್ಪೀಡ್ ಪೋಸ್ಟಿಗೆ ಹಾಕಿದ್ದಾಯಿತು.

ಇಪ್ಪತ್ತೊಂಬತ್ತನೇ ದಿನ ಇಂಗ್ಲಿಷಿನಲ್ಲಿ ಪತ್ರ ಬಂತು. ಕಡತ ನೋಡಲು ಫೆಬ್ರವರಿ ಕೊನೆಯ ವಾರದ ಒಂದು ದಿನ, ಬೆಳಿಗ್ಗೆ 11 ಗಂಟೆ. ನಕಲು ಬೇಕಾದರೆ ಪುಟಕ್ಕೆ ₹2.

ಆ ದಿನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ಮೇಜು, ಎರಡು ಕುರ್ಚಿ ಹಾಕಿಕೊಟ್ಟರು. ಮಾಹಿತಿ ಅಧಿಕಾರಿಯವರು ಮರ್ಯಾದೆಯಿಂದಲೇ ಮಾತಾಡಿಸಿದರು. ಮೊದಲ ಒಂದು ಗಂಟೆಗೆ ಶುಲ್ಕ ಇಲ್ಲ, ಆಮೇಲೆ ಗಂಟೆಗೆ ₹5 ಎಂದು ಅವರೇ ಹೇಳಿದರು. ಸಹಾಯಕರೊಬ್ಬರು ಫೈಲು ತಂದಿಟ್ಟರು. ದಪ್ಪ ರಟ್ಟು, ಕೆಂಪು ಟ್ಯಾಗು, ಮೂಲೆಯಲ್ಲಿ ನಮ್ಮ ಸಂಸ್ಥೆಯ ಹೆಸರು ಸ್ಕೆಚ್ ಪೆನ್ನಿನಲ್ಲಿ. ಬಲಕ್ಕೆ ನಾವು ಕೊಟ್ಟ ಕಾಗದಗಳು. ಸಾರ್ 2015ರಲ್ಲಿ ಮಾಡಿದ ಸಹಿ, ಯಂತ್ರದ ಇನ್‌ವಾಯ್ಸು, ಚಾರ್ಟರ್ಡ್ ಎಂಜಿನಿಯರ್ ಬಂದು ನೋಡಿ ಬರೆದುಕೊಟ್ಟ ಅಳವಡಿಕೆಯ ಪ್ರಮಾಣಪತ್ರ. ಎಡಕ್ಕೆ ತೆಳು ಹಸಿರು ಬಣ್ಣದ ಟಿಪ್ಪಣಿ ಹಾಳೆಗಳು. ಇಷ್ಟು ತಿಂಗಳು ನಮಗೆ ಕಾಣದೆ ಇದ್ದದ್ದು ಅಷ್ಟೇ, ಮೂರು ಹಾಳೆ.

ಸಾರ್ ಕನ್ನಡಕ ಹಾಕಿಕೊಂಡು ಹಾಳೆ ಮುಟ್ಟದೆ ಹಾಗೇ ಬಗ್ಗಿ ನೋಡಿದರು. "ನೀನೇ ಓದಮ್ಮ" ಎಂದರು.

ಮೊದಲ ಟಿಪ್ಪಣಿ 2021ರ ಆಗಸ್ಟಿನದು, ಅರ್ಜಿ ಬಂದಿದೆ, ಪರಿಶೀಲಿಸಬಹುದು. ಎರಡನೆಯದು ಅಕ್ಟೋಬರಿನದು. ಮೂರು ಶಿಪ್ಪಿಂಗ್ ಬಿಲ್ಲುಗಳಿಗೆ ಇ-ಬಿಆರ್‌ಸಿ, ಅಂದರೆ ಹಣ ಬಂದದ್ದಕ್ಕೆ ಬ್ಯಾಂಕಿನ ದಾಖಲೆ, ಇಲ್ಲ. ಅಳವಡಿಕೆ ಪ್ರಮಾಣಪತ್ರದ ಸ್ಕ್ಯಾನ್ ಓದಲು ಬರುತ್ತಿಲ್ಲ. ಅರ್ಜಿದಾರರಿಗೆ ನ್ಯೂನತೆ ಪತ್ರ ಕಳಿಸಬಹುದು. ಅದರ ಕೆಳಗೆ ಮೇಲಧಿಕಾರಿಯ ಒಪ್ಪಿಗೆ, ಚಿಕ್ಕ ಸಹಿ. ಆಮೇಲೆ ಕೊನೆಯ ಸಾಲು: ಇಮೇಲ್ ಮೂಲಕ ಕಳಿಸಲಾಗಿದೆ, ಉತ್ತರ ಬಂದ ಮೇಲೆ ಮಂಡಿಸುವುದು. ದಿನಾಂಕ 2021ರ ನವೆಂಬರ್. ಅದರ ಕೆಳಗೆ ಹಾಳೆ ಖಾಲಿ.

ನಾನು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತೆ. ಹದಿನೈದು ತಿಂಗಳು ಅವರು ನಮ್ಮ ಉತ್ತರಕ್ಕೆ ಕಾಯುತ್ತಿದ್ದರು, ನಾವು ಅವರ ಪತ್ರಕ್ಕೆ ಕಾಯುತ್ತಿದ್ದೆವು. ಬಲಗಡೆಯ ಕಾಗದಗಳಲ್ಲಿ ಆ ಇಮೇಲಿನ ಪ್ರಿಂಟು ಸಿಕ್ಕಿತು. ಯಾರಿಗೆ ಎಂಬಲ್ಲಿ ನಮ್ಮ ವಿಳಾಸ ಇರಲಿಲ್ಲ, ಕನ್ಸಲ್ಟೆಂಟರದಿತ್ತು. ಐಇಸಿ, ಅಂದರೆ ಆಮದು ರಫ್ತು ಮಾಡುವವರಿಗೆ ಕೊಡುವ ಸಂಕೇತ ಸಂಖ್ಯೆ, ಅದರ ಪ್ರೊಫೈಲಿನಲ್ಲಿ ಇಮೇಲೂ ಅವರದೇ, ಮೊಬೈಲೂ ಅವರದೇ. ನಮ್ಮ ಪರವಾಗಿ ತುಂಬಿದವರು ಅವರೇ ಆದ್ದರಿಂದ ಹಾಗಾಗಿತ್ತು. ಹೊರಗೆ ಮೆಟ್ಟಿಲ ಹತ್ತಿರ ನಿಂತು ಫೋನ್ ಮಾಡಿದೆ. "ಆ ಐಡಿ ನಾನು ನೋಡೋದು ಬಿಟ್ಟು ಎರಡು ವರ್ಷ ಆಯ್ತಲ್ಲ ಮೇಡಂ" ಎಂದರು. ಸಾರ್‌ಗೆ ಹೇಳಿದೆ. ಅವರು ಬೈಯಲಿಲ್ಲ. "ಹೋಗಲಿ, ಎಲ್ಲಿ ನಿಂತಿದೆ ಅಂತ ಗೊತ್ತಾಯ್ತಲ್ಲ" ಎಂದು ಕೆಳಗಿಳಿದು ನನಗೊಂದು, ತಮಗೊಂದು ಟೀ ಹೇಳಿದರು.

ಒಂದು ಮಾತು ಮಾತ್ರ ನನಗೆ ಇವತ್ತಿಗೂ ಸಮ್ಮತವಿಲ್ಲ. ಉತ್ತರ ಬಾರದಿದ್ದಾಗ ಒಂದೇ ಒಂದು ನೆನಪೋಲೆ ಅಂಚೆಯಲ್ಲಿ ಕಳಿಸಿದ್ದರೂ ಸಾಕಿತ್ತು. ನಮ್ಮ ಶೆಡ್ಡಿನ ವಿಳಾಸ ಆ ಫೈಲಿನಲ್ಲಿ ಆರು ಕಡೆ ಇತ್ತು, ಎಣಿಸಿದ್ದೇನೆ. ಕೌಂಟರಿನಲ್ಲಿ ಕೇಳಿದ ದಿನ "ನಿಮಗೆ ನ್ಯೂನತೆ ಪತ್ರ ಹೋಗಿದೆ" ಎಂಬ ನಾಲ್ಕು ಪದ ಹೇಳಿದ್ದರೆ ಈ ಅಲೆದಾಟವೇ ಬೇಕಿರಲಿಲ್ಲ.

ನ್ಯೂನತೆ ಸರಿಪಡಿಸುವುದು ನನ್ನ ಕೆಲಸವಾಯಿತು. ಅಳವಡಿಕೆ ಪ್ರಮಾಣಪತ್ರದ ಮೂಲ ನಮ್ಮ ಬೀರುವಿನಲ್ಲೇ ಇತ್ತು, ಮತ್ತೆ ಸ್ಕ್ಯಾನ್ ಮಾಡಿಸಿದೆ. ಇ-ಬಿಆರ್‌ಸಿಯದ್ದು ಸ್ವಲ್ಪ ಗೋಜು. ಸರಕಿನ ಹಣ ಹೊರದೇಶದಿಂದ ಬಂದು ಸೇರಿತು ಎಂದು ಆಗ ಬ್ಯಾಂಕು ಕೊಡುತ್ತಿದ್ದ ದಾಖಲೆ ಅದು. ಹಣ ಬಂದಿತ್ತು. ಆದರೆ ಜರ್ಮನಿಯವರು ಮೂರು ಇನ್‌ವಾಯ್ಸಿನ ಹಣವನ್ನು ಒಂದೇ ಗಂಟಿನಲ್ಲಿ ಕಳಿಸಿದ್ದರು, ಅದರಲ್ಲೂ ಬ್ಯಾಂಕ್ ಚಾರ್ಜು ಕಡಿದು. ಮೊತ್ತ ಯಾವ ಬಿಲ್ಲಿಗೂ ತಾಳೆಯಾಗದೆ ಹಾಗೇ ಉಳಿದಿತ್ತು. 2018ರ ಲೆಡ್ಜರ್ ತೆಗೆದು, ಯಾವ ಬಿಲ್ಲಿಗೆ ಎಷ್ಟು ಯೂರೋ ಎಂದು ಬಿಡಿಸಿ ಬರೆದು ಬ್ಯಾಂಕಿಗೆ ಕೊಟ್ಟೆ. ಮೂರು ವಾರ ಹಿಡಿಯಿತು. ಏಪ್ರಿಲ್ 12ರಂದು ಎಲ್ಲವನ್ನೂ ಸೇರಿಸಿ ಕಚೇರಿಗೆ ಕೊಟ್ಟು ಡೈರಿ ನಂಬರು ಹಾಕಿಸಿಕೊಂಡು ಬಂದೆ. ಅದೇ ವಾರ ಐಇಸಿ ಪ್ರೊಫೈಲಿನಲ್ಲಿ ಇಮೇಲು ಬದಲಿಸಿ ನಮ್ಮದು ಹಾಕಿದೆ. ಪ್ರತಿವರ್ಷ ಏಪ್ರಿಲ್ ಜೂನ್ ನಡುವೆ ಆ ಪ್ರೊಫೈಲನ್ನು ಖಾತ್ರಿಪಡಿಸಲೇಬೇಕು ಎಂಬ ನಿಯಮ ಇದೆ. ಬದಲಾವಣೆ ಏನೂ ಇಲ್ಲದಿದ್ದರೂ ಒಳಗೆ ಹೋಗಿ ಒಪ್ಪಿಗೆ ಒತ್ತಬೇಕು. ಯಾರ ಇಮೇಲಿದೆ ಎಂದು ನೋಡಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಇಷ್ಟಾದ ಮೇಲೆ ಬಂದೇ ಬರುತ್ತದೆ ಅಂದುಕೊಂಡೆವು. ಮೇ, ಜೂನ್, ಜುಲೈ ಕಳೆಯಿತು. ಸಾರ್ ಬೆಳಿಗ್ಗೆ ಒಳಗೆ ಬರುವಾಗ ನನ್ನ ಮುಖ ನೋಡಿ, "ಬಂತೇನಮ್ಮಾ?" ಎಂದು ಕೇಳುವುದನ್ನೂ ಬಿಟ್ಟರು. ಹಳೆಯ ವಿಎಂಸಿಯ ಸ್ಪಿಂಡಲ್ ಆಗಲೇ ಸದ್ದು ಮಾಡುತ್ತಿತ್ತು. ಹತ್ತು ಮೈಕ್ರಾನಿನೊಳಗೆ ನಿಲ್ಲಬೇಕಾದ ಅಳತೆ ಹದಿನೈದಕ್ಕೆ ಜಾರುತ್ತಿತ್ತು. ಸೆಟ್ಟರ್ ಅಣ್ಣ ಪ್ರತಿ ಐದನೇ ಪೀಸಿಗೆ ಆಫ್‌ಸೆಟ್ ತಿದ್ದುತ್ತಾ, ಗೇಜು ಒರೆಸುತ್ತಾ ನಿಂತಿರುತ್ತಿದ್ದರು. ಅದನ್ನು ಕೊಟ್ಟು ಹೊಸದು ತರಬೇಕೆಂದರೆ ಇಒಡಿಸಿ ಬೇಕು.

ಸೆಪ್ಟೆಂಬರ್ 4ರಂದು ಮೂರನೇ ಅರ್ಜಿ. ಈ ಸಲ ಕೇಂದ್ರದ ಆರ್‌ಟಿಐ ಪೋರ್ಟಲಿನಲ್ಲಿ. ಅಲ್ಲಿ 3000 ಅಕ್ಷರಗಳ ಮಿತಿ ಇದೆ, ನಮ್ಮದು ನಾನೂರೂ ಆಗಲಿಲ್ಲ. ಏಪ್ರಿಲ್ 12ರ ಈ ಡೈರಿ ಸಂಖ್ಯೆಯ ಪತ್ರದ ಮೇಲೆ ಇಂದಿನವರೆಗೆ ಬರೆದಿರುವ ಟಿಪ್ಪಣಿಗಳ ನಕಲು, ಆ ಪತ್ರ ಈಗ ಯಾವ ಹುದ್ದೆಯವರ ಬಳಿ ಇದೆ ಎಂಬ ದಾಖಲೆ. ಅಷ್ಟೇ. ಮೂವತ್ತು ದಿನ ಕಳೆದರೂ ಉತ್ತರವಿಲ್ಲ. ಹಾಗೆ ಸುಮ್ಮನಿದ್ದರೆ ಕಾಯ್ದೆಯ ಲೆಕ್ಕದಲ್ಲಿ ನಿರಾಕರಿಸಿದ ಹಾಗೆಯೇ. ಅಕ್ಟೋಬರ್ 9ರಂದು ಮೊದಲ ಮೇಲ್ಮನವಿ ಹಾಕಿದೆ. ಇದಕ್ಕೆ ಫೀಸಿಲ್ಲ, ಅದೇ ನೋಂದಣಿ ಸಂಖ್ಯೆ ಕೊಟ್ಟರೆ ಆಯಿತು. ಅದೇ ಕಚೇರಿಯ ಹಿರಿಯ ಅಧಿಕಾರಿ ಮೂವತ್ತು ದಿನದಲ್ಲಿ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ ನಲವತ್ತೈದು ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ ತೊಂಬತ್ತು ದಿನದೊಳಗೆ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ ಹೋಗಬಹುದು. ದಿನಕ್ಕೆ ₹250ರಂತೆ ₹25,000ದವರೆಗೆ ದಂಡ ಹಾಕುವ ಅಧಿಕಾರ ಇರುವುದು ಆ ಆಯೋಗಕ್ಕೆ ಮಾತ್ರ. ದಂಡದ ಸುದ್ದಿಯನ್ನು ನಾನು ಮೇಲ್ಮನವಿಯಲ್ಲಿ ಎತ್ತಲಿಲ್ಲ. ನಮಗೆ ಬೇಕಿದ್ದದ್ದು ಪತ್ರ.

ನವೆಂಬರಿನಲ್ಲಿ ವಿಚಾರಣೆಗೆ ಕರೆದರು. ಮೇಲ್ಮನವಿ ಅಧಿಕಾರಿಯವರ ಮೇಜಿನ ಮೇಲೆ ನಮ್ಮ ಹಳೆಯ ಕನ್ನಡ ಅರ್ಜಿ ಕೂಡ ಇತ್ತು. ಅದನ್ನೇ ಮೊದಲು ಕೈಗೆತ್ತಿಕೊಂಡರು.

"ಇದನ್ನ ಬರೆದೋರು ಯಾರು?"

"ನಾನು ಸಾರ್. ಲೆಕ್ಕ ನೋಡ್ಕೊತೀನಿ."

"ಅಚ್ಚುಕಟ್ಟಾಗಿದೆ. ಏನು ಬೇಕು ಅಂತ ಒಂದೇ ಸಲಕ್ಕೆ ಗೊತ್ತಾಗುತ್ತೆ" ಎಂದವರು ಗಂಟೆ ಒತ್ತಿ ಫೈಲು ತರಲು ಹೇಳಿದರು. ಫೈಲು ಬಂತು. ಹಸಿರು ಹಾಳೆಯಲ್ಲಿ 2021ರ ನವೆಂಬರಿನ ಅದೇ ಕೊನೆಯ ಸಾಲು. ನಮ್ಮ ಏಪ್ರಿಲ್ ಪತ್ರ ಅದರೊಳಗೆ ಇರಲೇ ಇಲ್ಲ. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಬೇರೊಂದು ವಿಭಾಗದ ಕಟ್ಟಿನಲ್ಲಿ ಸಿಕ್ಕಿತು. ಆ ಮೇಜಿನವರಿಗೆ ಮೇ ತಿಂಗಳಲ್ಲಿ ವರ್ಗವಾಗಿತ್ತು, ಅವರ ಬಾಕಿ ಕಾಗದಗಳೆಲ್ಲ ಒಟ್ಟಿಗೆ ಅತ್ತ ಹೋಗಿದ್ದವು. ನಾನು ಪಿನ್ ಹಾಕಿ, ಅಂಚಿಗೆ ಹಳದಿ ಚೀಟಿ ಅಂಟಿಸಿ ಕೊಟ್ಟಿದ್ದು ಹಾಗೇ ಇತ್ತು. ಒಬ್ಬರೂ ಬಿಚ್ಚಿರಲಿಲ್ಲ. ಅದನ್ನು ನೋಡಿದಾಗ ಗಂಟಲು ಕಟ್ಟಿತು, ಮಾತಾಡಲಿಲ್ಲ. ಅಧಿಕಾರಿಯವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಾವೇ ಆ ಕಾಗದವನ್ನು ಫೈಲಿನ ಟ್ಯಾಗಿಗೆ ಪೋಣಿಸಿದರು.

ಆದೇಶದಲ್ಲಿ ಬರೆದದ್ದು ಏಳು ದಿನದಲ್ಲಿ ಮಾಹಿತಿಯನ್ನು ಉಚಿತವಾಗಿ ಕೊಡಬೇಕು ಎಂಬುದಷ್ಟನ್ನೇ. ಗಡುವು ಮೀರಿದ ಮೇಲೆ ಪುಟಕ್ಕೆ ₹2 ಕೂಡ ಕೇಳುವಂತಿಲ್ಲ. ಇಒಡಿಸಿ ಕೊಡಿ ಎಂದು ಆರ್‌ಟಿಐ ಮೇಲ್ಮನವಿಯಲ್ಲಿ ಆದೇಶ ಮಾಡಲು ಬರುವುದಿಲ್ಲ, ಅವರು ಮಾಡಲೂ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆರ್‌ಟಿಐ ಹಾಕಿದರೆ ಲೈಸೆನ್ಸು ಬರುತ್ತದೆ ಎಂದು ಪೀಣ್ಯದಲ್ಲಿ ಈಗ ನನ್ನ ಹೆಸರು ಹೇಳಿ ಸುದ್ದಿ ಹಬ್ಬಿದೆ. ಬರುವುದಿಲ್ಲ. ನಮ್ಮ ರಫ್ತು ನಿಜವಾಗಿ ಆಗಿತ್ತು, ಹಣ ಬಂದಿತ್ತು, ಕಾಗದ ಸರಿಯಾಗಿತ್ತು. ಕಳೆದುಹೋದ ಕಾಗದ ಸಿಗುವಂತೆ ಮಾಡಿದ್ದಷ್ಟೇ ಆರ್‌ಟಿಐ. ಸಿಕ್ಕ ಮೇಲೆ ಕೆಲಸ ತಾನಾಗಿ ನಡೆಯಿತು. ಡಿಸೆಂಬರ್ 18ರ ಸಂಜೆ ಇಮೇಲ್ ಬಂತು, ಈ ಸಲ ನಮ್ಮ ವಿಳಾಸಕ್ಕೇ. ಲಗತ್ತಿನಲ್ಲಿ ಇಒಡಿಸಿ. ನಾನು ಪ್ರಿಂಟು ತೆಗೆದುಕೊಂಡು ಶೆಡ್ಡಿನೊಳಗೆ ಹೋದೆ. ಸಾರ್ ಯಂತ್ರದ ಹತ್ತಿರ ಸೆಟ್ಟರ್ ಅಣ್ಣನ ಜೊತೆ ಏನೋ ಬಗ್ಗಿ ನೋಡುತ್ತಿದ್ದರು. ಕೈಯೆಲ್ಲ ಕೂಲೆಂಟು. ಕೈ ಒರೆಸಿಕೊಂಡರೂ ಕಾಗದ ಮುಟ್ಟಲಿಲ್ಲ. "ಹಿಡ್ಕೊ, ಹಿಡ್ಕೊ, ಓದ್ತೀನಿ" ಎಂದರು. ನಾನು ಹಿಡಿದೆ, ಅವರು ಮೊದಲಿಂದ ಕೊನೆಯವರೆಗೆ ಓದಿದರು. ಆಮೇಲೆ ಯಂತ್ರ ನಿಲ್ಲಿಸಿ ಎಲ್ಲರನ್ನೂ ಕರೆದರು.

ಕಸ್ಟಮ್ಸಿನಲ್ಲಿ ಬಾಂಡು ರದ್ದಾಗಿ ಬ್ಯಾಂಕ್ ಗ್ಯಾರಂಟಿಯ ಮೂಲ ಪ್ರತಿ ಕೈಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿ ಮೂರು ಸಲ ಹೋದದ್ದು ಬಿಟ್ಟರೆ ತೊಂದರೆಯಾಗಲಿಲ್ಲ. ಎಫ್‌ಡಿ ಬಿಡುಗಡೆಯಾಯಿತು. ಸ್ಪಿಂಡಲ್ ಸದ್ದಿನ ಯಂತ್ರವನ್ನು ಸಾರ್ ಮಾರ್ಚಿನಲ್ಲಿ ಕೊಟ್ಟರು. ಒಳಗೆ ತರುವಾಗ ಒಡೆದ ಗೋಡೆಯನ್ನು ಹೊರಗೆ ಕಳಿಸುವಾಗ ಮತ್ತೆ ಒಡೆಸಬೇಕಾಯಿತು.

ಮೊನ್ನೆ ಪಕ್ಕದ ರಸ್ತೆಯ ಗೇರ್ ಕೊರೆಯುವ ಶೆಡ್ಡಿನವರು ಬಂದಿದ್ದರು. ಅವರದ್ದೂ ಇದೇ ಪತ್ರ, ಎರಡು ವರ್ಷದಿಂದ. ಕೈಯಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೂಡ ಹಿಡಿದುಕೊಂಡೇ ಬಂದಿದ್ದರು. "ಅಕ್ಕಾ, ಒಂದು ಅರ್ಜಿ ಬರ್ಕೊಡಿ" ಎಂದರು. ಕೂರಿಸಿ, ಕಂಪ್ಯೂಟರ್ ತೆರೆದು, ಮೊದಲು ನಿಮ್ಮ ಐಇಸಿ ಪ್ರೊಫೈಲಿನಲ್ಲಿ ಯಾರ ಇಮೇಲಿದೆ ನೋಡೋಣ, ಪಾಸ್‌ವರ್ಡ್ ಹೇಳಿ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ತಮ್ಮ ಕನ್ಸಲ್ಟೆಂಟಿಗೆ ಫೋನ್ ಹಚ್ಚಿದರು.